ಯಾಡಿಯ ಬಟ್ಟೆಯಲ್ಲಿ ಮಡಚಿದ ಒಂದು ಗೇಣು

ಹಾವೇರಿಯ ಕಲಾ ಪ್ರದರ್ಶನದ ಹಿಂದಿನ ದಿನ ಸಂಘಟಕರೊಬ್ಬರು ಕಲಾವಿದರಾದ ನಮಗೆಲ್ಲ ಒಂದು ಫೋಟೋ ತೋರಿಸಿದರು. ಲಾವೋಸಿನ ಬೆಟ್ಟಗಳ ಹ್ಮಾಂಗ್ ಬುಡಕಟ್ಟಿನ ಹೆಂಗಸರು ಕಸೂತಿ ಹಾಕಿದ ಬಟ್ಟೆ. ಯುದ್ಧಕ್ಕೆ ಹೆದರಿ ಊರು ಬಿಟ್ಟದ್ದು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆ ದಾಟಿದ್ದು, ಹಿಂದೆ ಬಂದೂಕು ಹಿಡಿದವರು, ಎಲ್ಲವೂ ದಾರದಲ್ಲಿ. ಆ ಬಟ್ಟೆ ನೀಲಿ ಎಂದು ಈಗ ಬರೆಯಹೊರಟೆ. ಖಾತ್ರಿಯಿಲ್ಲ. "ನೋಡ್ರಿ, ಇದು ಇತಿಹಾಸ" ಎನ್ನುತ್ತ ಅವರು ಕಣ್ಣೊರೆಸಿಕೊಂಡದ್ದು ಮಾತ್ರ ಸುಳ್ಳಲ್ಲ.

ಅದೇ ಬಾಯಿ ಆಮೇಲೆ ನನ್ನ ತಾಯಿ ಕಸೂತಿ ಹಾಕಿ ಪ್ರದರ್ಶನಕ್ಕೆ ಕೊಟ್ಟ ಬಟ್ಟೆಯ ಕಡೆ ತಿರುಗಿತು.

ನಾವು ರಾಣೆಬೆನ್ನೂರು ಕಡೆಯ ತಾಂಡಾದ ಲಂಬಾಣಿಗಳು. ತಾಯಿಯನ್ನು ಯಾಡಿ ಎನ್ನುತ್ತೇವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ನನಗೆ ಚಿತ್ರಕಲೆ ಓದಿಸಿದವಳು ಅವಳು. ಅವಳ ಬಟ್ಟೆಯ ಮೇಲ್ಭಾಗದಲ್ಲಿ ಕನ್ನಡಿ, ಕವಡೆ. ಕೆಳಗಿನ ಒಂದು ಗೇಣಿನಲ್ಲಿ ಮೆಣಸಿನಕಾಯಿಯ ಕೆಂಪು ರಾಶಿ, ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರು. ಒಬ್ಬಳು ಉರಿಯುವ ಕೈಯನ್ನು ಬಕೆಟ್ಟಿನಲ್ಲಿ ಅದ್ದಿದ್ದಾಳೆ.

"ಕೆಳಗಿಂದು ಲಂಬಾಣಿ ಕಲೆ ಅಲ್ರಿ. ಮಡಚಿಬಿಡ್ರಿ" ಎಂದರು ಸಂಘಟಕರು.

ನನ್ನ ಚಿತ್ರಗಳೂ ಅದೇ ಗೋಡೆಗೆ ಏರಬೇಕಿತ್ತು. ಮಡಚಿದೆ. ಪಿನ್ನು ಹಾಕಿದರೆ ಬಟ್ಟೆ ಜಗ್ಗುತ್ತದೆಂದು ಸೂಜಿ ತೆಗೆದು ಹೊಲಿದೆ.

ಮರುದಿನ ಯಾಡಿ ಬ್ಯಾಡಗಿಯಿಂದ ಸೀರೆಯುಟ್ಟು ಬಂದಳು.

"ನಿಮ್ಮ ಡ್ರೆಸ್ ಹಾಕ್ಕೊಂಡು ಬರಬೇಕಿತ್ತಮ್ಮಾ" ಎಂದರು ಸಂಘಟಕರು.

"ಇದೂ ನಂದ ಐತ್ರಿ. ಯಾರ್ದೂ ಕದ್ದಿಲ್ಲ."

ಆಮೇಲೆ ಗೋಡೆ ನೋಡಿದಳು. ಮನೆಯಲ್ಲಿ ನಮ್ಮದು ಲಂಬಾಣಿ ಮಾತು. ಅಂದು ಎಲ್ಲರಿಗೂ ತಿಳಿಯಲೆಂದೇ ಕನ್ನಡದಲ್ಲಿ ಕೇಳಿದಳು: "ಯಾರು ಮಡಚಿದ್ದು?"

"ಅವರು" ಎಂದೆ.

ಅಂಚು ತಿರುವಿ ಬೆರಳಾಡಿಸಿದಳು. "ಗಂಟು ಹಾಕಿಲ್ಲ. ಎರಡು ಹೊಲಿಗಿ ಹಿಂದಕ್ಕ ಬಂದು ಶುರು ಮಾಡ್ಯಾರ. ಈ ಸಾಹೇಬ್ರಿಗೆ ಇದನ್ನ ನಾ ಯಾವಾಗ ಕಲಿಸಿದ್ನೆವ್ವಾ?"

ಯಾರೋ ನಕ್ಕರು. ಅವಳು ಹಲ್ಲಿನಿಂದ ದಾರ ಕಡಿದಳು. ಕೆಂಪು ರಾಶಿ ಕೆಳಗೆ ಬಿಚ್ಚಿಕೊಂಡಿತು.

"ಏನಮ್ಮಾ ಇದು! ಅತಿಥಿಗಳು ಬರಾಕತ್ತಾರ!"

"ಬರ್ಲಿ ಬಿಡ್ರಿ. ಖಾರ ತಿನ್ನೋರು ತೊಟ್ಟು ಬಿಡಿಸೋರ್ನ ನೋಡಬಾರದೇನು?"

"ಲಗೂನ ಇಳಸ್ರಿ ಅದನ್ನ" ಎಂದರು ಅವರು ನನಗೆ.

ಆಗ ನಾನು "ಆಗುವುದಿಲ್ಲ" ಎಂದೆನೆಂದು ಆಮೇಲೆ ಎರಡು ವೇದಿಕೆಗಳಲ್ಲಿ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ನಿಜದಲ್ಲಿ ಹಾಗೆ ಅನ್ನಲಿಲ್ಲ. ಬಟ್ಟೆ ಇಳಿಸಲು ಸ್ಟೂಲು ತಂದೆ. ಫೋಟೋ ಮುಂದೆ ಕಣ್ಣೊರೆಸಿಕೊಂಡ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಸ್ಟೂಲು ತಂದ ಕೈಗಳನ್ನು ಏನು ಮಾಡಲಿ?

ಯಾಡಿ ಆ ಸ್ಟೂಲನ್ನು ಕಸಿದುಕೊಂಡು ಬಟ್ಟೆಯ ಪಕ್ಕ ಹಾಕಿ ಕುಳಿತಳು. ಸಂಜೆಯವರೆಗೂ ಏಳಲಿಲ್ಲ. ಬಂದವರಿಗೆಲ್ಲ ದಾರದ ಹೆಂಗಸರನ್ನು ಮುಟ್ಟಿ ಮುಟ್ಟಿ ಹೆಸರು ಹೇಳಿದಳು. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ.