ಕಾಲುಂಗುರ ‘ಹೆಚ್ಚಿಸುವ’ ಸುಂದ್ರಮ್ಮ

ಚಂದಕವಾಡಿಯ ಆ ಮನೆಯ ಜಗಲಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಸುಂದ್ರಮ್ಮ ಅಂಗಳದಲ್ಲೇ ಚಪ್ಪಲಿ ಬಿಟ್ಟು, ಸೆರಗಿನೊಳಗಿನ ಬಟ್ಟೆಗಂಟನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಳ್ಳುತ್ತಾರೆ. ಗಂಟಿನಲ್ಲಿರುವುದು ಕಡ್ಡಿಯಂಥ ಸಣ್ಣ ಗರಗಸ, ಒಂದು ಇಕ್ಕಳ, ಬೆರಳಿಗೂ ಉಂಗುರಕ್ಕೂ ನಡುವೆ ತೂರಿಸುವ ತೆಳು ತಗಡು. ಯಾರ ಮನೆಯಲ್ಲೂ ಅವರು ಅದನ್ನು ಮೊದಲೇ ಬಿಚ್ಚುವುದಿಲ್ಲ. ಗರಗಸ ಕಂಡರೆ ಎಂಥ ಗಟ್ಟಿಗಿತ್ತಿಯೂ ಕಾಲು ಎಳೆದುಕೊಂಡುಬಿಡುತ್ತಾಳೆ.

ಸುಂದ್ರಮ್ಮ ಒಳಗೆ ಕಾಲಿಡುವ ಪದ್ಧತಿ ಇಲ್ಲ. ಹಾಗಾಗಿ ಮನೆಯೊಡತಿ ಚಿಕ್ಕಮಲ್ಲಮ್ಮನನ್ನೇ ಚಾಪೆಸಮೇತ ಜಗಲಿಗೆ ತಂದು ಕೂರಿಸಿದ್ದಾರೆ. ಅವರ ಎಡಗಾಲಿನ ಎರಡನೇ ಬೆರಳು ಊದಿ ಕಪ್ಪು ತಿರುಗುತ್ತಿದೆ. ಸಕ್ಕರೆ ಕಾಯಿಲೆಯ ಕಾಲು, ಹೊಲದಲ್ಲಿ ಮುಳ್ಳು ಚುಚ್ಚಿದ್ದು ಗೊತ್ತೇ ಆಗಿಲ್ಲ. ಮದುವೆಯಲ್ಲಿ ತೊಡಿಸಿದ ದಪ್ಪ ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಹೂತುಹೋಗಿದೆ. ಉಂಗುರ ಹೋಗದಿದ್ದರೆ ಬೆರಳು ಹೋಗುತ್ತದೆ, ತಡಮಾಡಿದರೆ ಪಾದವೂ ಹೋದೀತು ಎಂದು ಚಾಮರಾಜನಗರದ ಡಾಕ್ಟರು ನಿನ್ನೆಯೇ ಹೇಳಿದ್ದರು. ಅಲ್ಲೇ ಕತ್ತರಿಸಲು ನೋಡಿದಾಗ ಈಕೆ ನರ್ಸಿನ ಕೈ ತಳ್ಳಿ ಎದ್ದು ಬಂದಿದ್ದಾರೆ. ಸಂಜೆ ನೋಡಿದರೆ ಗಂಡ ಗುರುಪಾದಸ್ವಾಮಿಯವರಿಗೇ ಎದೆನೋವು. ಮಗ ಸೋಮೇಶ್ ಅವರನ್ನು ಮೈಸೂರಿಗೆ ಒಯ್ದಿದ್ದಾನೆ. ಬೆಳಗ್ಗೆಯೇ ಸ್ಟೆಂಟ್ ಹಾಕುತ್ತಾರಂತೆ. ಅಲ್ಲಿ ಗಂಡನ ಎದೆಗೆ ಕೈ ಹಾಕುವ ಹೊತ್ತಿನಲ್ಲೇ ಇಲ್ಲಿ ಹೆಂಡತಿಯ ಕಾಲುಂಗುರ ಕತ್ತರಿಸಬೇಕು.

ಸಾಲದ್ದಕ್ಕೆ ಸೊಸೆ ದಾನೇಶ್ವರಿಯ ಬಾಯಿಂದ ಒಂದು ಮಾತು ಜಾರಿದೆ. ಗಾಬರಿಯಲ್ಲಿ ಬೆಳ್ಳಿ ಅಂಗಡಿಗೆ ಫೋನ್ ಮಾಡಿ, “ನಮ್ಮತ್ತೆದು ಕಾಲುಂಗ್ರ ತೆಗೀಬೇಕು, ಸುಂದ್ರಮ್ಮನ್ನ ಬೇಗ ಕಳ್ಸಿ” ಎಂದಿದ್ದಾಳೆ. ಈ ಸೀಮೆಯಲ್ಲಿ ಕಾಲುಂಗುರ ‘ತೆಗೆಯುವುದು’ ಗಂಡ ತೀರಿಕೊಂಡ ಮೇಲೆ. ಅಂಗಡಿಯ ರಾಜಣ್ಣ ಆ ಕಡೆಯಿಂದ, “ಅಯ್ಯೋ ಶಿವನೇ, ಯಜಮಾನ್ರು ಯಾವಾಗ ಓಗ್ಬುಟ್ರು?” ಎಂದು ಕೇಳಿಯೂಬಿಟ್ಟರು. ಫೋನಿನ ಸ್ಪೀಕರ್ ಆನ್ ಆಗಿತ್ತು. ಚಿಕ್ಕಮಲ್ಲಮ್ಮ ಆಗಿನಿಂದ ಒಂದು ಗುಟುಕು ನೀರನ್ನೂ ಇಳಿಸದೆ, ಎರಡೂ ಕೈಯಲ್ಲಿ ಪಾದ ಮುಚ್ಚಿಕೊಂಡು ಕೂತಿದ್ದಾರೆ.

“ಅವ್ವೋರೆ, ನಾ ತೆಗಿಯಕ್ಕೆ ಬಂದಿಲ್ಲ ಕಣ್ರವ್ವ. ಹೆಚ್ಚಿಸಕ್ಕೆ ಬಂದಿವ್ನಿ,” ಎನ್ನುತ್ತಾರೆ ಸುಂದ್ರಮ್ಮ.

ಬಳೆ ಒಡೆದರೆ ‘ಹೆಚ್ಚಿತು’ ಎನ್ನುತ್ತೇವೆ, ದೀಪ ಆರಿಸುವಾಗ ‘ದೊಡ್ಡದು ಮಾಡು’ ಎನ್ನುತ್ತೇವೆ. ಸುಂದ್ರಮ್ಮನ ಕಸುಬಿನ ಅರ್ಧ ಜೀವ ಅಂಥ ಮಾತಿನಲ್ಲೇ ಇದೆ. ಕತ್ತರಿಸು, ಕಿತ್ತುಹಾಕು, ಬಿಚ್ಚು ಎಂಬ ಪದಗಳು ಅವರ ಬಾಯಲ್ಲಿ ಬರುವುದೇ ಇಲ್ಲ. ಚಿಕ್ಕಮಲ್ಲಮ್ಮ ಮಾತ್ರ ಪಾದದಿಂದ ಕೈ ಎತ್ತುವುದಿಲ್ಲ. “ಅವ್ರು ಮನೆಗೆ ಬರ್ಲಿ. ಆಮೇಲೆ ಏನ್ ಬೇಕಾದ್ರೂ ಮಾಡು” ಎಂದು ಗೋಡೆ ಕಡೆ ತಿರುಗುತ್ತಾರೆ.

ಸುಂದ್ರಮ್ಮ ಉಡಿಗಾಲದವರು. ಕೂಲಿಗೆ ಹೋಗುತ್ತಿದ್ದವರು, ರಾಜಣ್ಣನ ಅಂಗಡಿಯ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದು ಮಗಳು ಹುಟ್ಟಿದ ವರ್ಷ. ಗಂಡಸಿನ ಕೈಗೆ ಪಾದ ಕೊಡಲು ನಾಚುವ ಹೆಣ್ಣುಮಕ್ಕಳಿಗೆ ಉಂಗುರ ತೊಡಿಸಲು ಹೆಂಗಸೊಬ್ಬಳು ಬೇಕಿತ್ತು. ರಾಜಣ್ಣ ಕಲಿಸಿದರು, ಇವರು ಕಲಿತರು. ಈಗ ದಿನಕ್ಕೆ ಏಳೆಂಟು ಜನ ಬರುತ್ತಾರೆ, ಲಗ್ನದ ಕಾಲದಲ್ಲಿ ಊಟಕ್ಕೂ ಬಿಡುವಿರುವುದಿಲ್ಲ. ಸತ್ಯಮಂಗಲದ ಕಡೆಯವರು ಬಂದು ತಮಿಳಿನಲ್ಲಿ ‘ಮೆಟ್ಟಿ’ ಎಂದು ಕಾಲುಂಗುರ ಕೇಳುತ್ತಾರೆ. ಓದಿದ ಹುಡುಗಿಯರು ನಿಶ್ಚಿತಾರ್ಥಕ್ಕೆ ಹೆಸರು ಕೊರೆಸಿದ ಚಿನ್ನದುಂಗುರ ಬದಲಾಯಿಸಿಕೊಂಡಿದ್ದರೂ, ಮದುವೆಗೆ ಬೆಳ್ಳಿಯ ಜೋಡಿ ಬೇಕೇ ಬೇಕು.

“ಕೈಗೆ ಚಿನ್ನ, ಕಾಲಿಗೆ ಬೆಳ್ಳಿ. ಲಕ್ಷ್ಮಿನ ಕಾಲಿಗೆ ಹಾಕ್ತಾರಾ?” ಎಂದು ನಗುತ್ತಾರೆ. “ಕೈಯುಂಗ್ರ ಇವತ್ ಹಾಕಂಡು ನಾಳೆ ಬೀರುಗೆ ಇಟ್ಬುಡ್ತಾರೆ, ಯಾರೂ ಕೇಳಲ್ಲ. ಕಾಲುಂಗ್ರ ಹಂಗಲ್ಲ. ಗಂಡ ಕಲ್ಲಿನ ಮೇಲೆ ಕಾಲು ಇರುಸ್ಬುಟ್ಟು, ಬಗ್ಗಿ ಹಾಕಿರದು. ಅವ್ನು ಹೆಂಡ್ತಿ ಕಾಲಿಗೆ ಬಗ್ಗದು ಅದೊಂದೇ ದಿನ ಕಣಿ.”

ಈ ಕೆಲಸದಲ್ಲಿ ಅವಮಾನಕ್ಕೂ ಕೊರತೆ ಇಲ್ಲ. ಕಾಲು ಮುಟ್ಟಿಸಿಕೊಂಡವರೇ ಚೆಂಬು ಮುಟ್ಟಿಸಿಕೊಳ್ಳದೆ, ಮೇಲಿನಿಂದ ಬೊಗಸೆಗೆ ನೀರು ಹೊಯ್ಯುವ ಮನೆಗಳುಂಟು. ಅದು ಅವರಿಗೆ ಅಭ್ಯಾಸವಾಗಿದೆ. ಅಭ್ಯಾಸವಾಗದೇ ಉಳಿದಿರುವುದು ಹೆದರಿಕೆ. ಕೆಲವು ವರ್ಷಗಳ ಹಿಂದೆ ಗುಂಡ್ಲುಪೇಟೆಯಲ್ಲಿ ಒಬ್ಬ ಬಸುರಿಯ ಊದಿದ ಬೆರಳಿನಿಂದ ಉಂಗುರ ಬಿಡಿಸಿಕೊಟ್ಟಿದ್ದರು. ಅದೇ ವಾರ ಅವಳ ಗಂಡ ಬೈಕಿನಿಂದ ಬಿದ್ದು ತೀರಿಕೊಂಡ. ಆಮೇಲೊಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಆ ಬೀದಿಯ ಮುದುಕಿ ಇವರನ್ನು ತಡೆದು ನಿಲ್ಲಿಸಿ, ಇಷ್ಟೇ ಕೇಳಿದಳು: “ಇವತ್ತು ಯಾರ ಮನೆಗೆ ಓಯ್ತಿದ್ದಿಯಮ್ಮಿ?”

“ಆ ಮಾತು ಇನ್ನೂ ಕಿವೀಲೇ ಅದ,” ಎನ್ನುತ್ತಾರೆ ಸುಂದ್ರಮ್ಮ. “ಗಂಡ ಉಳುದ್ರೆ ಡಾಕ್ಟ್ರು ಉಳ್ಸುದ್ರು ಅಂತಾರೆ. ಇಲ್ದೆ ಓದ್ರೆ ಸುಂದ್ರಮ್ಮನ ಕೈ ಅಂತಾರೆ.”

ಜಗಲಿಯಲ್ಲಿ ಈಗಲೂ ಅದೇ ಹೆದರಿಕೆ. ಎದ್ದು ಹೋಗಿಬಿಟ್ಟರೆ ಯಾರೂ ಬಯ್ಯುವುದಿಲ್ಲ. ಆದರೆ ಮುಚ್ಚಿದ ಕೈಗಳ ಸಂದಿಯಿಂದ ಬೆರಳಿನ ಕಪ್ಪು ಕಾಣುತ್ತಿದೆ. ಮಾಮೂಲಿಗಾದರೆ ಉಂಗುರ ಬಿಡಿಸುವ ಮೊದಲೇ ಬೆರಳಿಗೆ ಅರಿಸಿನದ ದಾರ ಸುತ್ತುತ್ತಾರೆ. ಮುತ್ತೈದೆಯ ಬೆರಳು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬರಿದಾಗಬಾರದು. ಸುಂದ್ರಮ್ಮ ದಾರ ಹೊರತೆಗೆಯುತ್ತಿದ್ದಂತೆ ದಾನೇಶ್ವರಿ ಅಳುದನಿಯಲ್ಲಿ, “ದಾರನೂ ಕಟ್ಟಂಗಿಲ್ವಂತೆ, ಡಾಕ್ಟ್ರು ಹೇಳವ್ರೆ” ಎನ್ನುತ್ತಾಳೆ.

“ಬರೀ ಬೆರಳಾ?” ಚಿಕ್ಕಮಲ್ಲಮ್ಮ ಸೊಸೆಯತ್ತ ತಿರುಗುತ್ತಾರೆ. “ಅವ್ರು ಅಲ್ಲಿ ಮಲಗಿರುವಾಗ ನಂದು ಬರೀ ಬೆರಳಾ?”

ದಾರವನ್ನು ಕೈಯಲ್ಲಿ ಸುತ್ತುತ್ತಾ, ಬಿಚ್ಚುತ್ತಾ ಕೂತ ಸುಂದ್ರಮ್ಮ ಇದ್ದಕ್ಕಿದ್ದಂತೆ ಬಿಸಿನೀರು, ಸೋಪು ಕೇಳಿ ಕೈ ತಿಕ್ಕಿ ತೊಳೆಯುತ್ತಾರೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆಯಾಕಾರ ಮಾಡಿ, ಚಿಕ್ಕಮಲ್ಲಮ್ಮನ ಮುಂದೆ ಹಿಡಿಯುತ್ತಾರೆ.

“ನೋಡಿ ಅವ್ವೋರೆ. ಯಜಮಾನ್ರ ಸುದ್ದಿ ಬರಗಂಟ ಇದೇ ನಿಮ್ಮ ಕಾಲುಂಗ್ರ. ನಾ ಬುಡದಿಲ್ಲ.”

ಚಿಕ್ಕಮಲ್ಲಮ್ಮ ಆ ಕೈಯನ್ನು ನೋಡುತ್ತಾರೆ. ಆಮೇಲೆ ಪಾದದ ಮೇಲಿನ ತಮ್ಮ ಕೈ ಎತ್ತಿ, ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಸುಂದ್ರಮ್ಮ ಊದಿದ ಬೆರಳಿನ ಸುತ್ತ, ಅದಕ್ಕೆ ತಾಗದಂತೆ, ಎಡಗೈಯ ಬೆರಳುಗಳನ್ನು ಬಳೆಯಾಗಿಸಿ ಹಿಡಿಯುತ್ತಾರೆ. ತಗಡು ತೂರಿಸಿ ಹಿಡಿಯುವುದು ದಾನೇಶ್ವರಿಯ ಪಾಲಿಗೆ ಬರುತ್ತದೆ. ಸುಂದ್ರಮ್ಮ ಆ ಬೆರಳ ಬಳೆಯನ್ನು ಸಡಿಲಿಸದೆ ಬಲಗೈಯಲ್ಲೇ ಗರಗಸ ಆಡಿಸುತ್ತಾರೆ. ಬೆಳ್ಳಿ ಕಿರ್ ಎನ್ನುತ್ತಾ ಸೀಳುತ್ತದೆ. ಇಕ್ಕಳದಿಂದ ಅಗಲಿಸಿದಾಗ ಉಂಗುರ ಚಾಪೆಯ ಮೇಲೆ ಬೀಳುತ್ತದೆ, ಒಳಗಿನಿಂದ ಕೀವು ಇಳಿಯುತ್ತದೆ.

ಆಸ್ಪತ್ರೆಗೆ ಆಟೊದಲ್ಲಿ ಹೊರಡುತ್ತಾರೆ. ಜಗಲಿ ದಾಟದ ಸುಂದ್ರಮ್ಮ ಈಗ ಚಿಕ್ಕಮಲ್ಲಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ರಸ್ತೆಯ ಪ್ರತಿ ಗುಂಡಿಗೂ, ಎಡಗೈಯ ಬೆರಳ ಬಳೆ ಕದಲದಂತೆ, ಬಲಗೈಯಿಂದ ಪಾದ ಹಿಡಿದುಕೊಳ್ಳುತ್ತಾರೆ. ಕೈ ಮರಗಟ್ಟುತ್ತಿದೆ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವರಿಗೇ ಗೊತ್ತಿಲ್ಲ. ಈಗ ಏನಾದರೂ ಆದರೆ ಇನ್ನು ಯಾವ ಮನೆಯವರೂ ತನ್ನನ್ನು ಕರೆಯುವುದಿಲ್ಲ ಎಂಬುದಷ್ಟೇ ಗೊತ್ತು.

ಚಾಮರಾಜನಗರ ಇನ್ನೇನು ಬಂತು ಎನ್ನುವಾಗ ದಾನೇಶ್ವರಿಯ ಫೋನ್ ರಿಂಗಾಗುತ್ತದೆ. ಸೋಮೇಶನ ಹೆಸರು ಕಾಣುತ್ತಿದೆ, ಎತ್ತಲು ಅವಳಿಗೆ ಧೈರ್ಯವಿಲ್ಲ. ಚಿಕ್ಕಮಲ್ಲಮ್ಮ ಕಣ್ಣು ಮುಚ್ಚಿದ್ದಾರೆ. ರಿಂಗಾಗಿ ರಿಂಗಾಗಿ ಕಟ್ ಆಗಿ, ಮತ್ತೆ ರಿಂಗಾಗತೊಡಗುತ್ತದೆ.

“ಎತ್ತು ಕಣಮ್ಮಿ!” ಎಂದು ಸುಂದ್ರಮ್ಮ ಗದರುತ್ತಾರೆ. ಗೌರವದ ಮಾತೆಲ್ಲ ಅಲ್ಲಿಗೆ ಉದುರಿಹೋಗಿದೆ. “ಎತ್ತು. ನನ್ನ ಕೈ ಇಲ್ಲೇ ಅದ.”

ಗುರುಪಾದಸ್ವಾಮಿಯವರಿಗೆ ಸ್ಟೆಂಟ್ ಹಾಕಿ ಆಯಿತಂತೆ. ಮಾತಾಡಿದರಂತೆ, ಕಾಫಿ ಕೇಳಿದರಂತೆ. ಚಿಕ್ಕಮಲ್ಲಮ್ಮ ಅಳುವುದಿಲ್ಲ, ಬಗ್ಗಿ ಸುಂದ್ರಮ್ಮನ ಮರಗಟ್ಟಿದ ಕೈಯ ಮೇಲೆ ತಮ್ಮ ಕೈ ಇಡುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಬಂದು ಪಾದ ಎತ್ತಿಕೊಳ್ಳುವವರೆಗೂ ಸುಂದ್ರಮ್ಮ ಬೆರಳು ಸಡಿಲಿಸುವುದಿಲ್ಲ. ಬೆರಳು ಉಳಿಯುತ್ತದೆ, ಉಗುರು ಹೋಗಬಹುದು ಎನ್ನುತ್ತಾರೆ ಡಾಕ್ಟರು.

ಸುಂದ್ರಮ್ಮ ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತಾರೆ. ಅವರ ಎರಡನೇ ಬೆರಳಿನಲ್ಲೂ ಹಳೇ ಬೆಳ್ಳಿ ಮಾಂಸದೊಳಗೆ ಇಳಿದುಹೋಗಿದೆ, ಸುತ್ತ ಚರ್ಮ ಕೆಂಪಗಾಗಿದೆ. ಗಂಡ ಮೂಗಯ್ಯ ಕಬ್ಬಿನ ಲಾರಿಯಲ್ಲಿ ಪುಣಜನೂರಿನ ಕಾಡು ದಾಟಿ ಸತ್ಯಮಂಗಲಕ್ಕೆ ಹೋಗಿಬರುವವರು. ಕಬ್ಬಿನ ವಾಸನೆಗೆ ಆನೆಗಳು ರಸ್ತೆಗೇ ಬಂದು ನಿಲ್ಲುತ್ತವೆ. ಸಡಿಲ ಮಾಡಿಕೊಡುತ್ತೇನೆಂದು ರಾಜಣ್ಣ ಕರೆದಾಗಲೆಲ್ಲ, ನಾಳೆ ನೋಡೋಣ ಎಂದು ಇವರು ಜಾರಿಕೊಳ್ಳುತ್ತಾರೆ.

“ಊರವ್ರಿಗೆಲ್ಲ ಧೈರ್ಯ ಹೇಳ್ತಿನಿ. ನಂದು ಅಂದ್ರೆ ಕೈಯೇ ಬರಲ್ಲ ಕಣಿ,” ಎಂದು ಸೆರಗಿನಿಂದ ಪಾದ ಮುಚ್ಚಿಕೊಳ್ಳುತ್ತಾರೆ. “ಒಂದಿನ ನಂದೂ ಹೆಚ್ಚಿಸ್ಬೇಕಾಯ್ತದೆ. ಗರಗಸ ಹಿಡಿಯೋರು ಯಾರಾದ್ರೂ ಸಿಕ್ತಾರೆ ಬುಡಿ. ಅಷ್ಟೊತ್ತು ಬೆರಳು ಹಿಡ್ಕಂಡು ಕೂರೋರು ಒಬ್ರು ಇದ್ರೆ ಸಾಕು.”