ನೀರುನಾಯಿಗೂ ಒಂದು ಪಾಲು

ನಾನು ಚಿಕ್ಕವಳಿದ್ದಾಗ ನಮ್ಮ ದೋಣಿಯಲ್ಲಿ ಮೂವರಿರುತ್ತಿದ್ದೆವು: ಹುಟ್ಟು ಹಾಕಲು ಅಪ್ಪ, ಬಲೆ ಎಳೆಯಲು ಅಕ್ಕ, ದೋಣಿಯೊಳಗೆ ಜಿನುಗಿದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಎತ್ತಿ ಚೆಲ್ಲಲು ನಾನು. ಕುಂದಾಪುರದ ಹೊಳೆ ಅದು, ಮಕ್ಕಳೇ. ಲಂಡನ್ನಿನ ಕಿಂಗ್ಸ್‌ಬರಿಯ ಈ ಫ್ಲ್ಯಾಟಿನಲ್ಲಿ ಕೂತು ಹೇಳುವಾಗಲೂ ಅದರ ಕೆಸರಿನ ವಾಸನೆ ಮೂಗಿಗೆ ಬಡಿಯುತ್ತದೆ.

ನಮಗಿದ್ದದ್ದು ಒಂದೇ ಬಲೆ. ಆ ವರ್ಷ ಒಂದು ನೀರುನಾಯಿ ಅದರ ಬೆನ್ನು ಬಿತ್ತು. ಸಿಕ್ಕ ಮೀನು ತಿನ್ನುವುದಲ್ಲದೆ ಬಲೆಯನ್ನೂ ಹರಿದು ಹೋಗುತ್ತಿತ್ತು. ಹರಿದ ದಿನ ಮನೆಯಲ್ಲಿ ಬರೀ ಗಂಜಿ. ಅದನ್ನು ಹಿಡಿಯದೆ ಉಳಿಗಾಲವಿಲ್ಲ ಎಂದರು ಅಪ್ಪ.

ಬಯಲು ನೀರಿನಲ್ಲಿ ದಾರಿ ಎಂಬುದಿಲ್ಲ, ಪ್ರಾಣಿ ಎಲ್ಲಿಂದಲಾದರೂ ಬಂದೀತು. ಅಪ್ಪ ಮೊದಲು ಅದು ದಡ ಹತ್ತುವ ಕಲ್ಲನ್ನು ಹುಡುಕಿದರು. ಅದರ ಮೇಲೆ ಮೀನಿನ ಹುರುಪೆ ಮಿನುಗುತ್ತಿತ್ತು. ಕಲ್ಲಿನ ಮುಂದೆ ನೀರಿನಲ್ಲಿ ಎರಡು ಸಾಲು ಕೋಲು ನೆಟ್ಟು ಓಣಿ ಮಾಡಿದರು. ಓಣಿಗೆ ಅಡ್ಡಲಾಗಿ ಒಂದು ಬಿದಿರು ಕಟ್ಟಿ ತೇಲಿಬಿಟ್ಟರು. ಈಜಿ ಬರುವ ಪ್ರಾಣಿ ಬಿದಿರನ್ನು ಹತ್ತಿ ದಾಟುವುದಿಲ್ಲ, ಅಡಿಯಲ್ಲಿ ಮುಳುಗಿ ಹೋಗುತ್ತದೆ. ಮುಳುಗಿದಲ್ಲೇ ಕೂಣಿಯ ಬಾಯಿ. ಕೂಣಿಯೆಂದರೆ ಒಳಗೆ ಹೋಗಲು ದಾರಿಯಿದ್ದು ಹೊರಗೆ ಬರಲು ದಾರಿಯಿಲ್ಲದ ಬಿದಿರಿನ ಬುಟ್ಟಿ.

ಅಪ್ಪ ಕೂಣಿಯನ್ನು ಪೂರ್ತಿ ಮುಳುಗಿಸುವಾಗ ಅಕ್ಕ ಕೇಳಿದಳು: "ಅಪ್ಪಾ, ಅದ್ ಉಸ್ರ್ ಬಿಡುಕೆ ಎಲ್ಲ್ ಹೋತ್ತ್?"

ಅಪ್ಪ ಕೂಣಿಯನ್ನು ಮೇಲೆತ್ತಿ ಅದಕ್ಕೆ ಇನ್ನೊಂದು ಬುಟ್ಟಿ ಸೇರಿಸಿ ಕಟ್ಟಿದರು, ತುದಿ ನೀರಿನಿಂದ ಮೇಲೆ ನಿಲ್ಲುವ ಹಾಗೆ. ನೀರುನಾಯಿಗೆ ಮಾಳಿಗೆ ಮನೆ ಕಟ್ಟಿಸುತ್ತಿದ್ದಾನೆ ಎಂದು ಪಕ್ಕದ ದೋಣಿಯವರು ನಕ್ಕರು.

ಬೆಳಿಗ್ಗೆ ಹೋದಾಗ ದಡದ ಬೇರುಗಳ ಸಂದಿಯಿಂದ ಸಣ್ಣ ಸಿಳ್ಳೆ ಕೇಳಿತು. ಇಣುಕಿದರೆ ಎರಡು ಮರಿಗಳು. ಮಾಳಿಗೆ ಬುಟ್ಟಿಯೊಳಗಿಂದ, ಒದ್ದೆ ಮೀಸೆ ನಡುಗಿಸುತ್ತ, ತಾಯಿ ಓಗೊಡುತ್ತಿತ್ತು. ಅಪ್ಪ ದೋಣಿಯನ್ನು ಕೂಣಿಯ ಪಕ್ಕಕ್ಕೆ ತಂದರು.

"ಇದ್ಕೂ ನನ್ನ ಹಾಂಗೇ ಎರಡ್ ಮಕ್ಳ್ ಮಾರಾಯ್ತಿ," ಎಂದು ಅಕ್ಕನಿಗೆ ಹೇಳಿ ಕೂಣಿಯ ಕಟ್ಟು ಬಿಚ್ಚಿದರು.

ನಮ್ಮಲ್ಲಿ ಹಿಡಿದ ಮೀನನ್ನು ಪಾಲು ಹಾಕುತ್ತಿದ್ದರು: ದೋಣಿಗೊಂದು, ಬಲೆಗೊಂದು, ಎಳೆದವರಿಗೊಂದು. ಅಂದಿನಿಂದ ಆ ಕಲ್ಲಿನ ಮೇಲೆ ನೀರುನಾಯಿಗೂ ಒಂದು ಪಾಲು ಬಿತ್ತು. ಬಲೆ ಹರಿಯುವುದು ನಿಂತೇಹೋಯಿತು ಎಂದರೆ ಸುಳ್ಳಾದೀತು, ಆದರೆ ಕಡಿಮೆಯಾಯಿತು. ಮನೆಯಲ್ಲಿ ಮತ್ತೆ ಮೀನು ಬೆಂದಿತು. ಉಸಿರಿನ ಬಗ್ಗೆ ಕೇಳಿದ ಅಕ್ಕನನ್ನೂ, ಅವಳ ಮಾತಿಗೆ ಕಿವಿಗೊಟ್ಟ ಅಪ್ಪನನ್ನೂ ನೆನೆದು ಇಂದಿಗೂ ಕೈಮುಗಿಯುತ್ತೇನೆ.

ನಿಮ್ಮ ಲಂಡನ್ನಿನಲ್ಲಿ ಹೊಟ್ಟೆಪಾಡಿಗಾಗಿ ಯಾರೂ ಪ್ರಾಣಿಗೆ ಬಲೆ ಒಡ್ಡಬೇಕಿಲ್ಲ. ಈಚೆಗೆ ಇಲ್ಲಿನ ಕೊಳದಲ್ಲಿ ಬೀವರ್ ಎಂಬ ಪ್ರಾಣಿಯನ್ನು ತೋರಿಸಿದಿರಲ್ಲ, ನಾನು ಅದನ್ನು ನೀರುನಾಯಿ ಎಂದುಕೊಂಡು ಮೀನು ಹಾಕೋಣವೇ ಎಂದೆ. ನೀವು ಬಿದ್ದು ಬಿದ್ದು ನಕ್ಕಿರಿ. ಅದು ತಿನ್ನುವುದು ಮರದ ತೊಗಟೆಯಂತೆ! ಆಮೇಲೆ ಈ ಕಥೆಯನ್ನು ನಿಮಗೆ ಮೊದಲ ಸಲ ಹೇಳಿದೆ.

ಅದಾದ ಮೇಲಿನ ಭಾನುವಾರ ಆ ಕೊಳದ ದಡದಲ್ಲಿ ಗಿಡ ನೆಡುವವರ ಜೊತೆ ನಾವೂ ಹೋದೆವು. ನಿಮ್ಮಲ್ಲಿ ಚಿಕ್ಕವಳು, ಬೀವರ್ ತಿನ್ನುವ ವಿಲ್ಲೋ ಮರದ ಕಡ್ಡಿಯೊಂದನ್ನು ಕೆಸರಿಗೆ ಊರಿ, ಕೈ ಒರೆಸಿಕೊಂಡು ಹೇಳಿದಳು: "ದಿಸ್ ಈಸ್ ಇಟ್ಸ್ ಪಾಲು, ಅಜ್ಜಿ."