ಹದಿನಾರು ಸಾವಿರದ ಆರುನೂರ ಮೂವತ್ತೇಳು

ಅಕ್ಕನ ಮಾತು ನಿಂತುಹೋಗಿ ಏಳು ತಿಂಗಳಾಗಿತ್ತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವಳು. ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ನಾಲಿಗೆ ಮೂರನ್ನೂ ಒಟ್ಟಿಗೇ ಕಿತ್ತುಕೊಂಡಿತು. "ಇನ್ನು ಮಗು ಇದ್ದ ಹಾಗೆ" ಅಂದರು ಡಾಕ್ಟರು. ಮನೆಯವರೂ ಅದನ್ನೇ ನಂಬಿದರು. ತಮ್ಮನ ಹೆಂಡತಿ "ಎಲ್ಲಿ, ಆ ಅನ್ನಿ ನೋಡೋಣ" ಎಂದು ರಮಿಸುತ್ತಲೇ ತುತ್ತು ಉಣಿಸುತ್ತಿದ್ದಳು.

ತಮ್ಮ ಒಂದು ಕಾರ್ಖಾನೆಯಲ್ಲಿ ಹಲ್ಲುಚಕ್ರ ಕೊರೆಯುವವನು. ಆ ವಾರ ಗುಡ್ಡದ ಮೇಲಿನ ವೀಕ್ಷಣಾಲಯದಿಂದ ಹಳೆಯ ದೂರದರ್ಶಕವೊಂದರ ಕೆಲಸ ಬಂದಿತ್ತು. ಅದರ ಚಕ್ರಗಳು ತುಕ್ಕು ಹಿಡಿದು, ಹಲ್ಲುಗಳೆಲ್ಲ ಉದುರಿಹೋಗಿದ್ದವು. ಉಳಿದದ್ದು ತಗಡಿನ ಮೇಲೆ ಕೆತ್ತಿದ ಒಂದು ಸಂಖ್ಯೆ: 16,637. ಮೋಟಾರು ಅಷ್ಟು ಸುತ್ತು ಸುತ್ತಿದರೆ ದೂರದರ್ಶಕ ಸರಿಯಾಗಿ ಒಂದು ಸುತ್ತು ತಿರುಗಬೇಕು. ಅಷ್ಟು ಹಲ್ಲಿನ ಒಂದೇ ಚಕ್ರ ಕೊರೆಯುವುದು ಯಾರಿಂದಲೂ ಆಗದ ಮಾತು. ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆದು, ಎರಡು ಚಕ್ರಗಳಿಗೆ ಹಂಚಬೇಕು.

"ಇದು ಒಡೆಯೋ ಸಂಖ್ಯೆನೇ ಅಲ್ಲ ಕಣ್ರೀ, ವಾಪಸ್ ಕಳಿಸಿಬಿಡೋಣ" ಅಂದರು ಇಂಜಿನಿಯರು.

ತಮ್ಮನಿಗೆ ಮನಸ್ಸು ಒಪ್ಪಲಿಲ್ಲ. ಭಾನುವಾರ ಮಧ್ಯಾಹ್ನ ಅಕ್ಕನ ಮಂಚದ ಪಕ್ಕ ಕೂತು ಭಾಗಿಸತೊಡಗಿದ. ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ. ಪ್ರತಿ ಸಲವೂ ಏನಾದರೊಂದು ಶೇಷ ಉಳಿಯುತ್ತಿತ್ತು. ಅರವತ್ತೊಂದಕ್ಕೆ ಬರುವಾಗ ಕಾಗದ ತುಂಬಿತು. ಅಷ್ಟರಲ್ಲಿ ಹೆಂಡತಿ ಬಟ್ಟೆ ಮಡಿಸುತ್ತ ಒಳಗೆ ಬಂದಳು.

"ಆ ವೃದ್ಧಾಶ್ರಮದವ್ರು ಏನಂದ್ರು?"

"ಮುಂದಿನ ತಿಂಗಳು ಒಂದು ಮಂಚ ಖಾಲಿ ಆಗುತ್ತಂತೆ."

"ಮೆಲ್ಲಗೆ ಹೇಳಿ."

"ಅವಳಿಗೇನು ತಿಳಿಯುತ್ತೆ ಬಿಡು" ಅಂದವನೇ ಮತ್ತೆ ಲೆಕ್ಕಕ್ಕೆ ತಲೆ ಬಗ್ಗಿಸಿ ಗೊಣಗಿದ: "ಹದಿನಾರು ಸಾವಿರದ ಆರುನೂರ ಮೂವತ್ತೇಳು. ಯಾವುದಕ್ಕೂ ಜಗ್ಗಲ್ಲವಲ್ಲಪ್ಪ ಇದು!"

ಮಂಚದ ಪಟ್ಟಿಗೆ ಟಕ್ ಟಕ್ ಅಂತ ಸದ್ದಾಯಿತು. ಅಕ್ಕನ ಎಡಗೈ. ಕಣ್ಣು ಪೆನ್ಸಿಲಿನ ಮೇಲೆ ನೆಟ್ಟಿತ್ತು. ಏನೋ ಆಟ ಅಂದುಕೊಂಡು ಪೆನ್ಸಿಲು ಕೊಟ್ಟು, ಕಾಗದದ ಹಿಂಬದಿಯನ್ನು ಅವಳ ಮುಂದೆ ಹಿಡಿದ. ಸೊಟ್ಟಂಬಟ್ಟ ಅಂಕಿಗಳು ಒಂದೊಂದಾಗಿ ಮೂಡಿದವು: 129 × 129. ಅದರ ಕೆಳಗೆ, ಕಳೆ 2 × 2.

ಗುಣಿಸಿದ. 16,641 ಬಂತು. ನಾಲ್ಕು ಕಳೆದರೆ ಅದೇ ಸಂಖ್ಯೆ! ಎರಡು ವರ್ಗಗಳ ವ್ಯತ್ಯಾಸ ಅಂದರೆ ಅವುಗಳ ಮೂಲಗಳ ಮೊತ್ತವನ್ನು ಅಂತರದಿಂದ ಗುಣಿಸಿದಷ್ಟು. ಅವನಿಗೆ ಚಿಕ್ಕಂದಿನಲ್ಲಿ ಅದನ್ನು ಹೇಳಿಕೊಟ್ಟವಳೂ ಅವಳೇ. 127, 131. ಎರಡು ಚಕ್ರಗಳಿಗೂ ಹಲ್ಲಿನ ಲೆಕ್ಕ ಸಿಕ್ಕಿತ್ತು.

ಅಕ್ಕ ಪೆನ್ಸಿಲು ಬಿಡಲಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಳು: "ನನಗೆ ಎಲ್ಲ ಕೇಳಿಸುತ್ತೆ."

ತಮ್ಮನಿಗೆ ಏಳು ತಿಂಗಳಿಂದ ಆ ಮಂಚದ ಪಕ್ಕ ಆಡಿದ ಮಾತುಗಳೆಲ್ಲ ಒಟ್ಟಿಗೇ ನೆನಪಾದವು. "ಅಕ್ಕ, ತಪ್ಪಾಯ್ತು" ಎಂದು ಅವಳ ಪಾದ ಹಿಡಿದುಕೊಂಡ. ಹೆಂಡತಿ ಬಾಗಿಲಲ್ಲೇ ಕುಸಿದು ಕೂತು, "ಅತ್ತಿಗೆ, ಒಂದ್ಸಲ ಕೈ ಆಡಿಸಿ ಹೇಳಬಾರದಿತ್ತಾ?" ಎಂದು ಅತ್ತಳು. ಅಕ್ಕ ಆಡಿಸಿದ್ದಳು. ಅದನ್ನು ನಡುಕ ಅಂದುಕೊಂಡವರು ಇವರೇ.

ಆಶ್ರಮದ ಮಾತು ಅಲ್ಲಿಗೇ ನಿಂತಿತು. ಚಕ್ರಗಳು ತಯಾರಾಗಿ ದೂರದರ್ಶಕ ತಿರುಗಿತು. ಅಕ್ಕ ಇನ್ನೂ ಆರು ವರ್ಷ ಬದುಕಿದಳು. ಮಡಿಲಲ್ಲಿ ಸದಾ ಒಂದು ಸ್ಲೇಟು. ಮೊದಲ ವಾರ ಅದರ ತುಂಬ ಬರೀ ದೂರು: ದಿಂಬು ಎತ್ತರ, ಫ್ಯಾನು ಜೋರು, ಊಟಕ್ಕೆ ಉಪ್ಪು ಸಾಲದು. ಅತ್ತಿಗೆಯ ಒಂದೊಂದು ದೂರನ್ನೂ ತಮ್ಮನ ಹೆಂಡತಿ ಗಟ್ಟಿಯಾಗಿ ಓದಿ, ಕಣ್ಣೊರೆಸಿಕೊಂಡು ಉಪ್ಪು ತರಲು ಎದ್ದು ಹೋಗುತ್ತಿದ್ದಳು.